ಟೋಕಿಯೋ: ಬಟ್ಟೆ ಹುಚ್ಚು, ಊಟಕ್ಕೆ ತಕರಾರು

ಬಟ್ಟೆ ಅಂದ್ರೆ ಪ್ರಾಣ ಬಿಡುವ, ಮೀನಿನ ವಾಸನೆಗೇ ತಟ್ಟೆ ತಳ್ಳುವ ಹದಿನೈದರ ಮಗಳ ಜೊತೆ ಐದು ದಿನ ಟೋಕಿಯೋದಲ್ಲಿ ಹೇಗೆ ಕಳೆಯೋದು ಅಂತ ಕೇಳಿದ್ದೀರಿ. ಶಿಬುಯಾ ಬಡಾವಣೆಯಲ್ಲಿ ಉಳಿಯಿರಿ ಮೇಡಂ, ಹುಡುಗಿಯರ ಫ್ಯಾಷನ್‌ಗೆ ಹೆಸರಾದ ಹರಾಜುಕು ಅಲ್ಲಿಂದ ಒಂದೇ ಸ್ಟೇಷನ್. ಅಲ್ಲಿನ ತಕೆಶಿತಾ ಬೀದಿಯಲ್ಲಿ ಶನಿವಾರ, ಭಾನುವಾರ ಜಾತ್ರೆಯಂಥ ಜನ. ವಾರದ ನಡುವೆ ಹೋಗಿ, ಬೇಗ ಮುಗಿಸಿ. ಅಸಲಿ ಮಜಾ ಶಿಮೊಕಿತಾಜಾವಾ ಅನ್ನೋ ಬಡಾವಣೆಯಲ್ಲಿದೆ, ಗಲ್ಲಿಗಲ್ಲಿಯಲ್ಲೂ ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗಳು. ಅರ್ಧ ದಿನ ಅವಳ ಪಾಲಿಗೆ ಬಿಟ್ಟು ನೀವು ಕಾಫಿ ಹಿಡಿದು ಕೂತ್ಕೊಳ್ಳಿ. ಹೆಚ್ಚಿನ ಅಂಗಡಿ ತೆರೆಯೋದೇ 11ರ ಸುಮಾರಿಗೆ, ಹಾಗಾಗಿ ಬೆಳಿಗ್ಗೆ ಎಬ್ಬಿಸೋ ಜಗಳವೂ ಇಲ್ಲ! ಅಲ್ಲಿನ ಅಳತೆ ಚಿಕ್ಕದು, ಹಾಕಿ ನೋಡದೆ ಕೊಳ್ಳಬೇಡಿ. ಟ್ರಯಲ್ ರೂಮಿಗೆ ಶೂ ಬಿಚ್ಚಿ ಹೋಗಬೇಕು. ಮೇಕಪ್ ಬಟ್ಟೆಗೆ ತಾಗದಿರಲಿ ಅಂತ ಕೆಲವು ಕಡೆ ಮುಖಕ್ಕೆ ತೆಳು ಮುಸುಕೂ ಕೊಡ್ತಾರೆ, ಅವಳಿಗೆ ಖಂಡಿತ ಖುಷಿಯಾಗುತ್ತೆ.

ಊಟದ್ದೇ ಪೇಚು. ನೋಡೋಕೆ ಬರೀ ತರಕಾರಿ ಅನ್ನಿಸಿದರೂ ದಾಶಿ ಹಾಕಿರ್ತಾರೆ, ಅದು ಸಾಮಾನ್ಯವಾಗಿ ಒಣಮೀನಿನ ರಸ. ಮಿಸೊ ಸೂಪು, ಸೋಬಾ, ಉಡೊನ್ ನೂಡಲ್ಸ್ ಯಾವುದನ್ನೂ ಕೇಳದೆ ತಗೋಬೇಡಿ. ಸೈಜೆರಿಯಾ ಅನ್ನೋ ಇಟಾಲಿಯನ್ ಹೋಟೆಲ್ ಸರಣಿಯಲ್ಲಿ ಪಿಜ್ಜಾ, ಪಾಸ್ತಾ ಅಗ್ಗ. ಮೊಟ್ಟೆ ತಿಂತಾಳೆ ಅಂದ್ರೆ ಸೆವೆನ್ ಇಲೆವೆನ್ ಅಂಗಡಿಯ ಎಗ್ ಸ್ಯಾಂಡ್‌ವಿಚ್ ಸಾಕು. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ ಪೂರ್ತಿ ತಿಂಡಿ ಅಂಗಡಿಗಳೇ, ಅಲ್ಲಿ ಕಣ್ಣಲ್ಲಿ ನೋಡಿ, ದಾಶಿ ಇದೆಯಾ ಅಂತ ಕೇಳಿ ಆರಿಸಬಹುದು. ಬಿಸಿ ಮಾಡಿ ತಿನ್ನೋ ಅನ್ನದ ಪ್ಯಾಕೆಟ್ ಎಲ್ಲೆಡೆ ಸಿಗುತ್ತೆ, ಚಟ್ನಿಪುಡಿ ಮಾತ್ರ ಮನೆಯಿಂದ ಕಟ್ಟಿಕೊಳ್ಳಿ.