‘ನನ್ನದೇ ಎಂದುಕೊಳ್ಳಿ, ಮೇಡಂ’

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಸಂಗತಿ ಬದಲಾಗಿಲ್ಲ, ಅದು ಮಕ್ಕಳಾಗದ ಬೇರೆ ಬೇರೆ ದಂಪತಿಯ ರೂಪದಲ್ಲಿ ನನ್ನ ಸಲಹಾ ಕೋಣೆಗೆ ಮತ್ತೆ ಮತ್ತೆ ಬರುತ್ತಲೇ ಇದೆ.

ಇವರು ಶಿಡ್ಲಘಟ್ಟದ ಕಡೆಯವರು. ಮದುವೆಯಾಗಿ ಏಳು ವರ್ಷ. ಆತನದು ರೇಷ್ಮೆ ನೂಲು ಬಿಚ್ಚುವ ಕೆಲಸ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ಆಕೆಗೆ ಗರ್ಭನಾಳದ ಎಕ್ಸ್-ರೇ, ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿ, ಲೆಕ್ಕವಿಲ್ಲದಷ್ಟು ಸ್ಕ್ಯಾನ್ ಆಗಿದ್ದವು. ಆತನ ವೀರ್ಯ ಪರೀಕ್ಷೆ ಆದದ್ದು ಆರನೆಯ ವರ್ಷದಲ್ಲಿ! ಎರಡರಿಂದ ಏಳು ದಿನ ಸಂಯಮದಿಂದಿದ್ದು ಡಬ್ಬಿಯಲ್ಲಿ ಮಾದರಿ ಕೊಟ್ಟರೆ ಮುಗಿಯುವ ಪರೀಕ್ಷೆ; ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು. ಎರಡು ಸಲ ಮಾಡಿಸಿದಾಗಲೂ ವೀರ್ಯಾಣು ಒಂದೂ ಕಾಣಲಿಲ್ಲ.

ಮೂರನೆಯ ಭೇಟಿಯ ದಿನ ಫೈಲು ಆಕೆಯ ಮಡಿಲಲ್ಲಿತ್ತು. ಆತ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದ. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಬಿರಿದಿದ್ದವು.

“ಈ ರಿಪೋರ್ಟ್ ಯಾರದು?” ಎಂದು ಆತನನ್ನು ಕೇಳಿದೆ.

ಆತ ತಲೆ ಎತ್ತುವ ಮೊದಲೇ ಆಕೆ ಹೇಳಿದಳು: “ನನ್ನದೇ ಎಂದುಕೊಳ್ಳಿ, ಮೇಡಂ. ಅತ್ತೆಗೂ ಹಾಗೆಯೇ ಹೇಳಿದ್ದೇನೆ. ಹೇಗೂ ಮೊದಲಿನಿಂದ ನನ್ನನ್ನೇ ಅನ್ನುತ್ತಿದ್ದರು. ನಾದಿನಿಯ ಸೀಮಂತದಲ್ಲಿ ಮಡಿಲು ತುಂಬಲು ಹೋದವಳನ್ನು ‘ನೀನು ಬೇಡ, ಈಚೆ ಬಾ’ ಎಂದು ಕರೆದರು. ನನಗೆ ಅಭ್ಯಾಸವಾಗಿದೆ. ಇವರು ತಾಳಲಾರರು.”

“ಸೀಮಂತದ ವಿಷಯ ನನಗೇಕೆ ಹೇಳಲಿಲ್ಲ?” ಎಂದ ಆತ.

“ಹೇಳಿದ್ದರೆ ಏನು ಮಾಡುತ್ತಿದ್ದಿರಿ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಆತನಿಗೆ ಉತ್ತರ ಹೊಳೆಯಲಿಲ್ಲ. ನಾನೂ ನಡುವೆ ಬಾಯಿ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಆತ ಆಕೆಯ ಮಡಿಲಿನಿಂದ ಫೈಲನ್ನು ಎತ್ತಿಕೊಂಡ.

ಮೊದಲು ಆತನಿಗೆ ತಿಳಿಸಿ ಹೇಳಬೇಕಾದದ್ದಿತ್ತು. ವೀರ್ಯಾಣು ಇಲ್ಲವೆಂದರೆ ಗಂಡಸುತನ ಇಲ್ಲವೆಂದಲ್ಲ. ವೀರ್ಯಾಣು ಹೊರಬರುವ ನಾಳ ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ. ಅಂಥವರಲ್ಲಿ ವೃಷಣದಿಂದಲೇ ವೀರ್ಯಾಣು ತೆಗೆದು, ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಪ್ರಯತ್ನಿಸಲು ಸಾಧ್ಯವಿದೆ. ಕಾರಣ ತಿಳಿಯಲು ಹಾರ್ಮೋನ್ ಪರೀಕ್ಷೆ ಆಗಬೇಕು, ಯೂರಾಲಜಿಸ್ಟ್ ನೋಡಬೇಕು. ಆಮೇಲೆ ಸಲಹೆ ಕೊಟ್ಟೆ: “ರಿಪೋರ್ಟನ್ನು ಮನೆಯಲ್ಲಿ ತೋರಿಸುವುದು ಬಿಡುವುದು ನಿಮ್ಮ ಇಷ್ಟ. ಆದರೆ ‘ದೋಷ ಇವಳದಲ್ಲ, ಇನ್ನು ಇವಳನ್ನು ಯಾರೂ ಕೇಳಕೂಡದು’ ಎಂಬ ಮಾತು ನಿಮ್ಮ ಬಾಯಿಂದ ಬರಬೇಕು. ಅಲ್ಲಿಯವರೆಗೆ ಮುಂದಿನ ಚಿಕಿತ್ಸೆಯ ತೀರ್ಮಾನ ಬೇಡ.”

ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಗಂಡನ ಗುಟ್ಟು ಬಯಲಾಗುವಂಥ ಸಲಹೆ ಕೊಡಲು ನಾವು ಯಾರು ಎಂದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಗುಟ್ಟು ಆತನದೇ, ಅದನ್ನು ಕಾಯುವ ಹಕ್ಕೂ ಆತನದೇ. ಆದರೆ ಅದಕ್ಕೆ ಮರೆಯಾಗಿ ಹೆಂಡತಿಯನ್ನು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ಚಿಕಿತ್ಸೆಯ ಪರಿಣಾಮಗಳು, ಯಶಸ್ಸಿನ ಸಾಧ್ಯತೆ ಕುರಿತು ದಂಪತಿಗೆ ಆಪ್ತಸಲಹೆ ಕೊಡಬೇಕೆಂದು ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಶಾಸ್ತ್ರವಾಗಿ ಅದು ಮುಗಿದರೆ, ಆಕೆಯಂಥವರು ಮಾಡದ ತಪ್ಪನ್ನು ಹೊತ್ತುಕೊಂಡೇ ಮನೆಗೆ ಮರಳುತ್ತಾರೆ. ಓದುತ್ತಿರುವ ದಂಪತಿಗೂ ನನ್ನ ಬೇಡಿಕೆ ಇಷ್ಟೇ: ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ, ಮೊದಲ ಭೇಟಿಯಲ್ಲೇ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.

ಆತ ತಾಯಿಗೆ ಹೇಳಿದ. ಎಲ್ಲವನ್ನೂ ಹೇಳಿದನಂತೆ. ತಾಯಿ ಎರಡು ದಿನ ಮಾತಾಡಲಿಲ್ಲ. ಸೊಸೆಯನ್ನು ಕರೆದು ಸಮಾಧಾನದ ಮಾತನ್ನೂ ಈವರೆಗೆ ಆಡಿಲ್ಲ. ಹಾರ್ಮೋನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ. ದಾನಿಯ ವೀರ್ಯದ ಮಾತಿಗೆ, ದತ್ತು ಪಡೆಯುವ ಮಾತಿಗೆ ಇಬ್ಬರ ಮನಸ್ಸೂ ಇನ್ನೂ ಸಿದ್ಧವಿಲ್ಲ. ನಾನೂ ಅವಸರಪಡಿಸಿಲ್ಲ. ಯುಗಾದಿ ಕಳೆದ ಮೇಲೆ ಬರುತ್ತೇವೆ ಎಂದಿದ್ದಾರೆ.