ಹಾರ್ನ್ ಕೇಳಿಸದಿದ್ದರೂ ರೇಸ್ ಶುರುವಾಗುತ್ತದೆ

ಹಾಯಿದೋಣಿ ರೇಸಿನ ಬಾವುಟಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಉತ್ತರಿಸುತ್ತಿರುವವರು ಕಮಿಟಿ ಬೋಟಿನಲ್ಲಿ, ಅಂದರೆ ರೇಸ್ ನಡೆಸುವವರ ದೋಣಿಯಲ್ಲಿ ನಿಂತು ಬಾವುಟ ಏರಿಸುವ, ಇಳಿಸುವ ಕೆಲಸ ಮಾಡುವವರು.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಆಪ್ಟಿಮಿಸ್ಟ್ ದೋಣಿ ಓಡಿಸುತ್ತಾಳೆ. ಕಳೆದ ರೇಸಿನಲ್ಲಿ ಅವಳಿಗೆ ಹಾರ್ನ್ ಕೇಳಿಸಲೇ ಇಲ್ಲವಂತೆ. ಎಲ್ಲರೂ ಹೋದ ಮೇಲೆ ಹೊರಟಳು. ಹಾರ್ನ್ ಸರಿಯಾಗಿ ಹೊಡೆಯುವುದು ಆಯೋಜಕರ ಜವಾಬ್ದಾರಿ ಅಲ್ಲವೇ? ದೂರು ಕೊಡಬಹುದಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಕೊಡಬಹುದು. ಆದರೆ ಗೆಲ್ಲುವುದಿಲ್ಲ. ರೇಸಿಂಗ್ ನಿಯಮ 26 ಈ ವಿಷಯದಲ್ಲಿ ತುಂಬಾ ಖಡಕ್. ಸಮಯ ಲೆಕ್ಕ ಹಾಕಬೇಕಾದದ್ದು ಕಣ್ಣಿಗೆ ಕಾಣುವ ಬಾವುಟದಿಂದ. ಹಾರ್ನ್ ಕೂಗಲೇ ಇಲ್ಲ ಅಂದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಹಾರ್ನ್ ಇರುವುದು 'ಈಗ ಇತ್ತ ನೋಡಿ' ಅಂತ ಹೇಳೋಕೆ, ಅಷ್ಟೇ.

ಇದು ಸುಮ್ನೆ ಮಾಡಿದ ನಿಯಮವಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೋಣಿಗಳು ಜಾಸ್ತಿ ಇದ್ದರೆ ಸ್ಟಾರ್ಟ್ ಲೈನು ಇನ್ನೂರು ಮುನ್ನೂರು ಮೀಟರ್ ಉದ್ದ ಇರುತ್ತದೆ. ಕಮಿಟಿ ಬೋಟ್ ಪಕ್ಕದಲ್ಲಿರುವವರಿಗೆ ಆಗಲೇ ಕೇಳಿಸಿದ್ದು ಆ ಕಡೆಯ ತುದಿಯವರಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಜೊತೆಗೆ ಎಲ್ಲರ ಹಾಯಿಗಳೂ ಪಟಪಟ ಹೊಡೆದುಕೊಳ್ಳುತ್ತಿರುತ್ತವೆ. ಗ್ಯಾಸ್ ಡಬ್ಬಿಯ ಹಾರ್ನ್ ಆದರಂತೂ ಖಾಲಿಯಾಗುವ ಹೊತ್ತಿಗೆ ಕೀರಲು ದನಿ ತೆಗೆಯುತ್ತದೆ. ಬಾವುಟಕ್ಕೆ ಈ ಯಾವ ರಗಳೆಯೂ ಇಲ್ಲ. ಇಡೀ ಲೈನಿಗೆ ಒಂದೇ ಕ್ಷಣದಲ್ಲಿ ಕಾಣುತ್ತದೆ.

ಮಗಳಿಗೆ ಕಲಿಸಬೇಕಾದದ್ದು ನಾಲ್ಕೇ ಹೊತ್ತು. ಐದು ನಿಮಿಷ ಇರುವಾಗ ಅವಳ ದೋಣಿಯ ವರ್ಗದ ಬಾವುಟ ಮೇಲೇರುತ್ತದೆ. ನಾಲ್ಕು ನಿಮಿಷ ಇರುವಾಗ ತಯಾರಿಯ ಬಾವುಟ, ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕ ಇರುವ 'ಪಿ'. ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ, ಆಗ ಹಾರ್ನ್ ಉದ್ದಕ್ಕೆ ಕೂಗುತ್ತದೆ. ಕೊನೆಗೆ ವರ್ಗದ ಬಾವುಟವೂ ಇಳಿದರೆ ಸ್ಟಾರ್ಟ್. ಎರಡು ಏರಿದವು, ಎರಡು ಇಳಿದವು. ಐದು ನಿಮಿಷದ್ದು ತಪ್ಪಿಹೋದರೆ ಗಾಬರಿ ಬೇಡ, ನಾಲ್ಕರದ್ದಕ್ಕೆ ವಾಚ್ ಒತ್ತಲಿ. ಅದೂ ತಪ್ಪಿದರೆ 'ಪಿ' ಇಳಿಯುವುದನ್ನು ಕಾಯಲಿ. ನಡುವೆ ಮೂರು ಪೂರ್ತಿ ನಿಮಿಷ ಇರುತ್ತದೆ, ಕಾಣದೇ ಹೋಗುವುದು ಕಷ್ಟ.

ಆಪ್ಟಿಮಿಸ್ಟ್ ಉದ್ದ ಬರೀ 2.3 ಮೀಟರ್, ಮಗು ಕೂರುವುದು ನೀರಿಗೆ ಅಂಟಿಕೊಂಡ ಹಾಗೆ. ಮುಂದೆ ಇಪ್ಪತ್ತು ಹಾಯಿ ಅಡ್ಡ ಬಂದರೆ ಬಾವುಟ ಮರೆಯಾಗುತ್ತದೆ. ಹಾಗಾಗಿ ನಾಲ್ಕು ನಿಮಿಷದವರೆಗೆ ಕಮಿಟಿ ಬೋಟ್ ಚೆನ್ನಾಗಿ ಕಾಣುವ ಜಾಗದಲ್ಲೇ ಸುತ್ತುತ್ತಿರಲಿ. ವಾಚ್ ಹೊಂದಿಸಿಕೊಂಡ ಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ.

ಇನ್ನೊಂದು. ಕೋಚ್ ಕೂಗಿ ಹೇಳಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಿರಬಹುದು. ಹೇಳುವ ಹಾಗಿಲ್ಲ. ನಾಲ್ಕು ನಿಮಿಷದ ಬಾವುಟ ಏರಿದ ಕ್ಷಣದಿಂದ ದೋಣಿ ರೇಸಿನಲ್ಲಿದೆ ಅಂತಲೇ ಲೆಕ್ಕ. ಆಮೇಲೆ ಹೊರಗಿನವರು ಸಹಾಯ ಮಾಡಿದರೆ ಮಗುವಿಗೇ ತೊಂದರೆ. ದಡದಿಂದ ಶಿಳ್ಳೆ ಹಾಕುವ ಅಪ್ಪಂದಿರಿಗೂ ದಯವಿಟ್ಟು ತಿಳಿಸಿ.

ನಮ್ಮ ಕಡೆಯ ಪಾಡೂ ಸ್ವಲ್ಪ ಕೇಳಿ. ಒಬ್ಬರು ವಾಚ್ ನೋಡಿಕೊಂಡು ಹತ್ತರಿಂದ ಹಿಂದಕ್ಕೆ ಜೋರಾಗಿ ಎಣಿಸುತ್ತಾರೆ. ನಾನು ಬಾವುಟದ ಕೋಲು ಹಿಡಿದು, ಅದರ ತುದಿಯನ್ನು ಕೊಳವೆಯ ಬಾಯಿಗೆ ಇಟ್ಟುಕೊಂಡು ಬಗ್ಗಿ ನಿಂತಿರುತ್ತೇನೆ. 'ಮೂರು, ಎರಡು, ಒಂದು, ಅಪ್.' ಆ 'ಅಪ್'ಗೆ ಕೋಲು ಒಳಗಿರಬೇಕು. ಬೋಟ್ ಅಲ್ಲಾಡುತ್ತಿದ್ದರೂ ಅಷ್ಟೇ, ಕೈ ಒದ್ದೆಯಾಗಿದ್ದರೂ ಅಷ್ಟೇ. ಗಾಳಿ ಇಲ್ಲದ ಬೆಳಿಗ್ಗೆ ಬಾವುಟ ನೆನೆದ ಟವೆಲಿನ ಹಾಗೆ ಕೋಲಿಗೆ ಜೋತು ಬೀಳುತ್ತದೆ. ಅದಕ್ಕೇ ಮೇಲಂಚಿಗೆ ತೆಳುವಾದ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಹೊಲಿದಿರುತ್ತೇವೆ. ಬಾವುಟ ತಡವಾದರೆ ಅಥವಾ ತಪ್ಪು ಬಾವುಟ ಏರಿದರೆ ನಮ್ಮನ್ನು ಧಾರಾಳವಾಗಿ ಬೈಯಿರಿ, ನಿಮ್ಮ ದೂರಿಗೆ ಆಗ ಬೆಲೆ ಇದೆ.

ಪ್ರಶ್ನೆ: ಆಂಟಿ, ನಾನು ಐಎಲ್‌ಸಿಎ 4 ದೋಣಿ ಓಡಿಸುತ್ತೇನೆ. ಕಪ್ಪು ಬಾವುಟ ಹಾಕಿದ್ದಾಗ ನನ್ನ ಗೆಳೆಯ ಔಟ್ ಆದ. ಸ್ಟಾರ್ಟ್ ಆಗುವ ಮೊದಲೇ ಲೈನಿನ ಹಿಂದಕ್ಕೆ ಬಂದಿದ್ದೆ ಅಂತಾನೆ. ಇದು ಅನ್ಯಾಯ ಅಲ್ವಾ?
– ಒಬ್ಬ ಹುಡುಗ, ಮಂಗಳೂರು

ಉತ್ತರ: ತಮ್ಮಾ, ಅನ್ಯಾಯ ಅಲ್ಲ. ಕಪ್ಪು ಬಾವುಟಕ್ಕೆ ವಾಪಸ್ ಬರುವುದು ಲೆಕ್ಕವೇ ಅಲ್ಲ. ಲೈನಿನ ಎರಡು ತುದಿ ಮತ್ತು ಮೊದಲ ಮಾರ್ಕ್ (ದೋಣಿಗಳು ಸುತ್ತಬೇಕಾದ ಗುರುತು) ಸೇರಿಸಿ ಒಂದು ತ್ರಿಕೋನ ಊಹಿಸಿಕೋ. ಕೊನೆಯ ಒಂದು ನಿಮಿಷದಲ್ಲಿ ದೋಣಿಯ ಒಡಲಿನ ಯಾವ ಭಾಗ ಆ ತ್ರಿಕೋನದೊಳಗೆ ಹೋದರೂ ಮುಗಿಯಿತು. ವಿಚಾರಣೆ ಇಲ್ಲ, ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಮುಂದೆ 'ಬಿಎಫ್‌ಡಿ', ಅಂದರೆ ಕಪ್ಪು ಬಾವುಟಕ್ಕೆ ಔಟ್. ಜನರಲ್ ರೀಕಾಲ್ ಆಗಿ, ಅಂದರೆ ಎಲ್ಲರನ್ನೂ ವಾಪಸ್ ಕರೆದು ಮತ್ತೆ ಸ್ಟಾರ್ಟ್ ಮಾಡಿದರೂ ಅವನ ಸೇಲ್ ನಂಬರನ್ನು (ಹಾಯಿಯ ಮೇಲಿನ ನಂಬರು) ಬೋರ್ಡಿನಲ್ಲಿ ಬರೆದು ತೋರಿಸುತ್ತಾರೆ, ಅವನು ಆ ರೇಸಿಗೆ ಇಳಿಯುವಂತಿಲ್ಲ.

ನಾಲ್ಕು ನಿಮಿಷದ ಜಾಗದಲ್ಲಿ ಯಾವ ಬಾವುಟ ಏರಿತು ಅನ್ನುವುದೇ ಇಲ್ಲಿ ಎಲ್ಲ. 'ಪಿ' ಇದ್ದರೆ ಮುಂಚೆ ದಾಟಿದವರು ಹಿಂದೆ ಬಂದು ಮತ್ತೆ ಹೊರಟರೆ ಸಾಕು. ಹಳದಿ ಮೇಲೆ ಕಪ್ಪು ಚುಕ್ಕಿಯ 'ಐ' ಇದ್ದರೆ, ಕೊನೆಯ ನಿಮಿಷದಲ್ಲಿ ದಾಟಿದವರು ಲೈನಿನ ಯಾವುದಾದರೂ ಒಂದು ತುದಿಯನ್ನು ಸುತ್ತಿಕೊಂಡೇ ಬರಬೇಕು. 'ಝಡ್' ಅಂದರೆ ಶೇಕಡಾ 20 ಅಂಕದ ದಂಡ. ಕೆಂಪು ಬಿಳಿ ನಾಲ್ಕು ಚೌಕದ 'ಯು' ಕೂಡ ಕಪ್ಪಿನಂತೆಯೇ ಔಟ್ ಮಾಡುತ್ತದೆ. ಆದರೆ ರೇಸ್ ಮತ್ತೆ ಶುರುವಾದರೆ ಮಾಫಿ ಉಂಟು. ನನ್ನನ್ನು ಕೇಳಿದರೆ ಮಕ್ಕಳ ರೇಸಿಗೆ 'ಯು' ಸಾಕು, ಕಪ್ಪು ಬೇಡ. ಆದರೆ ಮೂರು ಸಲ ರೀಕಾಲ್ ಆಗಿ, ಮಧ್ಯಾಹ್ನದ ಬಿಸಿಲು ನೆತ್ತಿಗೆ ಹತ್ತಿದ ಮೇಲೆ ರೇಸ್ ಆಫೀಸರ್ ಕೈ ಆ ಕಪ್ಪು ಕೋಲಿನ ಕಡೆಗೇ ಹೋಗುತ್ತದೆ.

ಅವರಿಗೆ ಹೇಗೆ ಗೊತ್ತಾಯಿತು ಅಂತ ನಿನ್ನ ಮುಂದಿನ ಪ್ರಶ್ನೆ ಇರುತ್ತದೆ, ಹೇಳಿಬಿಡುತ್ತೇನೆ. ಕಮಿಟಿ ಬೋಟಿನ ಕಿತ್ತಳೆ ಬಾವುಟದ ಕಂಬಕ್ಕೆ ಕಣ್ಣು ಹೊಂದಿಸಿ ಒಬ್ಬರು ಲೈನ್ ನೋಡುತ್ತಲೇ ಇರುತ್ತಾರೆ. ಕಂಡ ಸೇಲ್ ನಂಬರುಗಳನ್ನೆಲ್ಲ ರೆಕಾರ್ಡರಿಗೆ ಹೇಳುತ್ತಿರುತ್ತಾರೆ. ವಾದ ಬಂದರೆ ಅದನ್ನು ಹಾಕಿ ಕೇಳಿಸುತ್ತಾರೆ.

ಪ್ರಶ್ನೆ: 2024ರ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ವಿಷ್ಣು ಸರವಣನ್, ನೇತ್ರಾ ಕುಮನನ್ ಅವರ ಹಾಯಿದೋಣಿ ರೇಸ್ ನೋಡೋಣ ಅಂತ ಟಿವಿ ಮುಂದೆ ಕೂತರೆ, ಕೆಲವು ದಿನ ಕೆಂಪು ಬಿಳಿ ಪಟ್ಟೆಯ ಬಾವುಟ ಬಿಟ್ಟು ಬೇರೇನೂ ಕಾಣಲಿಲ್ಲ. ಏನದು?
– ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಅದು 'ಎಪಿ'. ಇನ್ನೂ ಶುರುವಾಗದ ರೇಸ್ ಮುಂದಕ್ಕೆ ಹೋಗಿದೆ ಅಂತ ಅರ್ಥ. ಆ ಸಲ ಮಾರ್ಸೆಯಲ್ಲಿ ಗಾಳಿ ತುಂಬಾ ಕೈಕೊಟ್ಟಿತು. ಪದಕದ ರೇಸುಗಳೇ ಮರುದಿನಕ್ಕೆ ಹೋದವು. 'ಎಪಿ' ಏರುವಾಗ ಹಾರ್ನ್ ಎರಡು ಸಲ, ಇಳಿಯುವಾಗ ಒಂದು ಸಲ. ನೀರಿನ ಮೇಲೆ ಅದು ಇಳಿದ ಒಂದೇ ನಿಮಿಷಕ್ಕೆ ಐದು ನಿಮಿಷದ ಬಾವುಟ ಏರುತ್ತದೆ. ಅಂದರೆ ಬಿಸ್ಕತ್ತು ಬಾಯಲ್ಲಿ ಇಟ್ಟುಕೊಂಡು ಲೈನಿನಿಂದ ದೂರ ತೇಲುತ್ತಿದ್ದವರ ಕಥೆ ಮುಗಿಯಿತು. ದಡದಲ್ಲಿ ಹಾಕಿದ 'ಎಪಿ'ಯಾದರೆ ಹೆಚ್ಚು ಸಮಯ ಕೊಡುತ್ತಾರೆ, ಎಷ್ಟು ಅಂತ ಆ ರೇಸಿನ ಸೂಚನೆಗಳಲ್ಲಿ ಬರೆದಿರುತ್ತದೆ. 'ಎಪಿ' ಕೆಳಗೆ 'ಎ' ಸೇರಿದರೆ ಇವತ್ತಿಗೆ ರೇಸ್ ಇಲ್ಲ, 'ಹೆಚ್' ಸೇರಿದರೆ ಮುಂದಿನ ಸೂಚನೆ ದಡದಲ್ಲಿ. ನೀವು ಟಿವಿ ಆರಿಸಿ ಊಟಕ್ಕೆ ಏಳಬಹುದು.

ಶುರುವಾದ ರೇಸನ್ನು ನಡುವೆ ಕೈಬಿಟ್ಟರೆ ಬಾವುಟವೇ ಬೇರೆ. ನೀಲಿ ಬಿಳಿ ಚೌಕಳಿಯ 'ಎನ್', ಮೂರು ಹಾರ್ನ್. ಮುಂದಿದ್ದವರ ಮುಖ ಆಗ ನೋಡಬಾರದು.

ಪ್ರಶ್ನೆ: ಪ್ರೊಟೆಸ್ಟ್ ಮಾಡಲು, ಅಂದರೆ ನಿಯಮ ಮುರಿದ ಇನ್ನೊಂದು ದೋಣಿಯ ಮೇಲೆ ದೂರು ಹೇಳಲು, ದೋಣಿಯಲ್ಲಿ ಕೆಂಪು ಬಾವುಟ ಇಟ್ಟುಕೊಂಡಿರಬೇಕಾ?
– ಕಾರವಾರದ ಓದುಗರು

ಉತ್ತರ: ದೋಣಿ 6 ಮೀಟರಿಗಿಂತ ಚಿಕ್ಕದಾದರೆ ಬೇಡ. ಘಟನೆ ನಡೆದ ಕೂಡಲೇ 'ಪ್ರೊಟೆಸ್ಟ್' ಅಂತ ಎದುರಿನವರಿಗೆ ಕೇಳುವ ಹಾಗೆ ಕೂಗಿದರೆ ಸಾಕು. ಆಪ್ಟಿಮಿಸ್ಟ್, ಐಎಲ್‌ಸಿಎ ಎಲ್ಲ ಇದರೊಳಗೇ ಬರುತ್ತವೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಕಂಚು ಗೆದ್ದ ಫಾರ್ಟಿನೈನರ್ ದೋಣಿ ಕೂಡ 5 ಮೀಟರಿನ ಒಳಗೇ. ದೊಡ್ಡ ದೋಣಿಯವರು ಕೂಗಬೇಕು, ಕೆಂಪು ಬಾವುಟವನ್ನೂ ತಡಮಾಡದೆ ಎದ್ದು ಕಾಣುವಂತೆ ಹಾಕಬೇಕು, ರೇಸ್ ಮುಗಿಯುವವರೆಗೆ ತೆಗೆಯಬಾರದು. ಜೇಬಿನಲ್ಲಿ ಮಡಚಿಟ್ಟ ಬಾವುಟವನ್ನು ದಡಕ್ಕೆ ಬಂದ ಮೇಲೆ ತೋರಿಸಿದರೆ ನಡೆಯಲ್ಲ.

ಪ್ರಶ್ನೆ: ಇಷ್ಟೊಂದು ಬಾವುಟ ನೆನಪಿಡುವುದು ಹೇಗೆ?
– ಹಲವರು

ಉತ್ತರ: ಎಲ್ಲವೂ ಬೇಕಿಲ್ಲ. ಒಂದೇ ಥರ ಕಾಣುವ ಜೋಡಿಗಳನ್ನು ಮೊದಲು ಕಲಿಯಿರಿ. 'ಪಿ' ನೀಲಿಯ ನಡುವೆ ಬಿಳಿ, 'ಎಸ್' ಬಿಳಿಯ ನಡುವೆ ನೀಲಿ. ಮೊದಲನೆಯದು ನಾಲ್ಕು ನಿಮಿಷ, ಎರಡನೆಯದು ರೇಸ್ ಮೊಟಕಾಗಿದೆ, ಇಲ್ಲೇ ಮುಗಿಸಿ ಅಂತ. ಹಾಗೆಯೇ 'ಎಕ್ಸ್' ಬಿಳಿ ಮೇಲೆ ನೀಲಿ ಶಿಲುಬೆ: ಯಾರೋ ಕೆಲವರು ಮುಂಚೆ ದಾಟಿದ್ದಾರೆ. ನೀಲಿ ಅಂಚಿನ ಹಳದಿ ತ್ರಿಕೋನವಾದರೆ ಎಲ್ಲರೂ ವಾಪಸ್. ಕೆಂಪು ಹಳದಿ ಓರೆ ಪಟ್ಟೆಯ 'ವೈ' ಅಂದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ. ಆಪ್ಟಿಮಿಸ್ಟ್ ಮಕ್ಕಳಿಗೆ ಅದು ಹೇಗೂ ಯಾವಾಗಲೂ ಕಡ್ಡಾಯ, ಅವರು ಈ ಬಾವುಟವನ್ನು ಕೊನೆಗೆ ಕಲಿತರೂ ಆದೀತು.