ಹಳೇ ಪಿಕಪ್ ಕೊಂಡು ಆಫ್‌ರೋಡಿಗೆ ಕಟ್ಟುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ಡಬಲ್ ಕ್ಯಾಬ್ ಪಿಕಪ್ ನೋಡಿ ಬಂದಿದ್ದೇನೆ. ಒಂದು ಕಡಿಮೆ ಓಡಿದೆ, ಹೊಸದಾಗಿ ಬಣ್ಣ ಹೊಡೆಸಿದ್ದಾರೆ, ಅಡಿಯಲ್ಲೆಲ್ಲ ಕಪ್ಪು ಕೋಟಿಂಗ್ ಇದೆ. ಇನ್ನೊಂದು 2,20,000 ಕಿ.ಮೀ. ಓಡಿದೆ, ಬಾಡಿ ತುಂಬ ಗೀರು, ಆದರೆ ಸರ್ವಿಸ್ ದಾಖಲೆ ಪೂರ್ತಿ ಇದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ನಮ್ಮ ಒಲವು ಎರಡನೆಯದರ ಕಡೆಗೆ. ಆದರೆ ಎರಡರ ಅಡಿಗೂ ಮಲಗಿ ನೋಡುವವರೆಗೆ ಮುಂಗಡ ಕೊಡಬೇಡಿ. ಎಂಜಿನ್ ಬದಲಾಯಿಸಬಹುದು, ಗೇರ್‌ಬಾಕ್ಸ್ ಇಳಿಸಿ ಹೊಸದಾಗಿ ಕಟ್ಟಿಸಬಹುದು, ಸ್ಪ್ರಿಂಗು, ಶಾಕು, ಆ್ಯಕ್ಸಲ್ಲು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು, ಹಾಗಲ್ಲ. ಅದು ಹೋಗಿದ್ದರೆ ನೀವು ಮುಂದೆ ಹಾಕುವ ಪ್ರತಿಯೊಂದು ಬಿಡಿಭಾಗವೂ ಕೊಳೆತ ಕಬ್ಬಿಣಕ್ಕೆ ಜೋತುಬೀಳುತ್ತದೆ.

ಹೆಚ್ಚಿನ ಪಿಕಪ್‌ಗಳಲ್ಲಿ ಚಾಸಿಯ ಉದ್ದ ಬೀಮುಗಳು ನಾಲ್ಕೂ ಬದಿ ಮುಚ್ಚಿಕೊಂಡಿರುತ್ತವೆ. ರಂಧ್ರಗಳಿಂದ ಒಳಹೊಕ್ಕ ಕೆಸರು ಅಲ್ಲೇ ತೇವ ಹಿಡಿದು ಕೂರುತ್ತದೆ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಗಟ್ಟಿಯಾಗಿ ಕಂಡರೂ ಒಳಗೆ ಲೋಹ ಉಳಿದಿರಲಿಕ್ಕಿಲ್ಲ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಹಿಡಿದು ಅಡಿಗೆ ಹೋಗಿ. ಹಿಂದಿನ ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಮುಂದಿನ ತುದಿ ಹಿಡಿಯುವ ಹ್ಯಾಂಗರ್, ಹಿಂದಿನ ತುದಿಯ ಓಲಾಡುವ ಕೊಂಡಿಯಾದ ಶ್ಯಾಕಲ್ ಕೂರುವ ಜಾಗ, ಹಿಂದಿನ ಆ್ಯಕ್ಸಲ್ ಮೇಲೆ ಚಾಸಿ ಕಮಾನಿನಂತೆ ಏಳುವ ತಿರುವು, ಸ್ಪೇರ್ ಟಯರಿನ ಮೇಲಿರುವ ಅಡ್ಡ ಬೀಮು ಇಷ್ಟನ್ನೂ ಒಂದೊಂದಾಗಿ ತಟ್ಟಿ. ಗಟ್ಟಿ ಲೋಹ ಟಣ್ ಎನ್ನುತ್ತದೆ. ಸದ್ದು ಮಂಕಾಗಿ ಬಂದು ಒಳಗೆ ಪುಡಿ ಉದುರಿದ ಶಬ್ದ ಕೇಳಿದರೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತುದಿ ಒಳಗೆ ಹೋಯಿತೆಂದರೆ ಮಾತು ಮುಗಿಯಿತು, ಎದ್ದು ಬನ್ನಿ. ಹೊಸ ಕಪ್ಪು ಕೋಟಿಂಗ್ ಕಂಡಲ್ಲಿ ಹೆಚ್ಚು ತಟ್ಟಿ. ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆ ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಇನ್ನೂ ಬೇಗ ಬೆಳೆಯುತ್ತದೆ.

ಒಳ್ಳೆಯ ಹೆಸರಿದ್ದರೆ ಚಾಸಿಯೂ ಒಳ್ಳೆಯದೇ ಎಂದುಕೊಳ್ಳಬೇಡಿ. ಟೊಯೋಟಾ 2008ರಲ್ಲಿ ಅಮೆರಿಕದಲ್ಲಿ 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿಗೆ ವಾರಂಟಿಯನ್ನು 15 ವರ್ಷಕ್ಕೆ ವಿಸ್ತರಿಸಿ, ತೀರ ಹಾಳಾದವನ್ನು ಮಾಲೀಕರಿಂದ ವಾಪಸ್ ಕೊಂಡುಕೊಂಡಿತು. ಎಂಜಿನ್ ವಿಷಯದಲ್ಲಿ ಆ ಗಾಡಿಗೆ ಇವತ್ತಿಗೂ ಒಳ್ಳೆಯ ಹೆಸರಿದೆ.

ತುಕ್ಕು ಇಲ್ಲದಿದ್ದರೆ ಬಾಗಿದೆಯೇ ನೋಡಿ. ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ಹಿಂದಿನ ತೊಟ್ಟಿ ಬೇರೆ, ಎರಡೂ ಚಾಸಿ ಮೇಲೆ ಬೇರೆ ಬೇರೆಯಾಗಿ ಕೂರುತ್ತವೆ. ಪಕ್ಕದಲ್ಲಿ ನಿಂತು ಇವೆರಡರ ನಡುವಿನ ಸಂದನ್ನು ಮೇಲಿಂದ ಕೆಳಗೆ ಗಮನಿಸಿ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಚಾಸಿ ಕ್ಯಾಬಿನ್ ಹಿಂದೆ ಕೆಳಕ್ಕೆ ಬಾಗಿರುವ ಅನುಮಾನ ಬರಬೇಕು. ಹಿಂದಿನ ಆ್ಯಕ್ಸಲ್‌ಗಿಂತ ಹಿಂದೆ ಭಾರ ಹೇರಿ, ಹೊಂಡಗಳಲ್ಲಿ ಜೋರಾಗಿ ಓಡಿಸಿದ ಡಬಲ್ ಕ್ಯಾಬ್‌ಗಳಲ್ಲಿ ಹೀಗಾಗುವುದುಂಟು. ಲೀಫ್ ಸ್ಪ್ರಿಂಗಿನ ಜೊತೆಗೆ ಗಾಳಿಚೀಲ ಕೂರಿಸಿದ್ದರೆ ಅಪಾಯ ಇನ್ನೂ ಹೆಚ್ಚು. ಸ್ಪ್ರಿಂಗಿನ ಎರಡು ತುದಿಗೆ ಹಂಚಿಹೋಗಬೇಕಾದ ಪೆಟ್ಟಿನ ಬಹುಪಾಲು ಆಗ ಬೀಮಿನ ಒಂದೇ ಜಾಗಕ್ಕೆ ಬೀಳುತ್ತದೆ.

ಪ್ರಶ್ನೆ: ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಹೇಗೆ ಪರೀಕ್ಷಿಸುವುದು? ಡ್ಯಾಶ್‌ಬೋರ್ಡಿನಲ್ಲಿ ದೀಪವಂತೂ ಹತ್ತುತ್ತದೆ.

ಉತ್ತರ: ದೀಪದಿಂದ ಗೊತ್ತಾಗುವುದು ಸ್ವಿಚ್ ಸ್ಥಿತಿ, ಅಷ್ಟೇ. ಓಡಿಸಿ ನೋಡುವ ಪರೀಕ್ಷೆಗೆ ಜಲ್ಲಿ ಅಥವಾ ಸಡಿಲ ಮಣ್ಣಿನ ಜಾಗ ಬೇಕು. ಒಣ ಟಾರು ರಸ್ತೆಯಲ್ಲಿ ಬೇಡವೇ ಬೇಡ. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ (ಬೇಕಾದಾಗ ಮಾತ್ರ ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಬಗೆ) ಮುಂದಿನ ಮತ್ತು ಹಿಂದಿನ ಆ್ಯಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ, ಇರುವುದಿಲ್ಲ, ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ವೇಗದ ವ್ಯತ್ಯಾಸಕ್ಕೆ ದಾರಿ ಸಿಗದೆ ಶಕ್ತಿಯನ್ನು ಗಾಲಿಗೆ ಒಯ್ಯುವ ಇಡೀ ಡ್ರೈವ್‌ಲೈನ್ ಬಿಗಿದುಕೊಳ್ಳುತ್ತದೆ.

ಮುಂದಿನ ಎರಡೂ ಗಾಲಿ ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಟ್ಟೆ ಕೊಡಿ. ಹಬ್ ಲಾಕ್ (ಮುಂದಿನ ಗಾಲಿಯನ್ನು ಆ್ಯಕ್ಸಲ್ ಶಾಫ್ಟಿಗೆ ಜೋಡಿಸುವ ಕೀಲು) ಇದ್ದರೆ ಲಾಕ್ ಮಾಡಿ, 4ಎಲ್‌ಗೆ, ಅಂದರೆ ಫೋರ್ ವೀಲ್‌ನ ನಿಧಾನ ಓಟದ ಲೋ ರೇಂಜ್‌ಗೆ, ಹಾಕಿ, ಎಂಜಿನ್ ಆರಿಸಿ ಗೇರಿನಲ್ಲಿ ಬಿಡಿ. ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಬೇಕು, ಮುಂದಿನ ಆ್ಯಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ, ಪ್ರೊಪೆಲ್ಲರ್ ಶಾಫ್ಟ್, ಅಲುಗಬಾರದು. ಒಂದೇ ಗಾಲಿ ತನ್ನಷ್ಟಕ್ಕೆ ತಿರುಗಿ ಇನ್ನೊಂದು ಸುಮ್ಮನಿದ್ದರೆ ಹಬ್ ಹಿಡಿದಿಲ್ಲ ಅಥವಾ ಆ್ಯಕ್ಸಲ್ ಶಾಫ್ಟ್ ತುಂಡಾಗಿದೆ.

ಆಮೇಲೆ ಗಾಡಿ ಇಳಿಸಿ, 4ಎಲ್ ಮೊದಲ ಗೇರಿನಲ್ಲಿ ಇಳಿಜಾರಿಗೆ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ತಟ್ಟನೆ ಬಿಡಿ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗೆ ಹಂಚುವ ಪೆಟ್ಟಿಗೆ) ಒಳಗೆ ಸವೆದಿದೆ. ಇಳಿಜಾರಿನ ನಡುವೆ ಹೀಗಾದರೆ ಎಂಜಿನ್ ಬ್ರೇಕಿಂಗ್ ಪೂರ್ತಿ ಕೈಕೊಡುತ್ತದೆ, ಆದ್ದರಿಂದ ಇದನ್ನು ಸಣ್ಣ ದೋಷವೆಂದು ಬಿಡಬೇಡಿ.

ಎರಡೂ ಡಿಫರೆನ್ಷಿಯಲ್‌ಗಳ ಆಯಿಲನ್ನೂ ನೋಡಿ. ಯಾವಾಗಲೂ ಮೇಲಿನ ಫಿಲ್ಲರ್ ಪ್ಲಗ್ಗನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಸುರಿದ ಮೇಲೆ ಮೇಲಿನದು ಬರದಿದ್ದರೆ ತುಂಬಿಸಲು ದಾರಿ ಇರುವುದಿಲ್ಲ. ಆಯಿಲ್ ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ ಹೊಳೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡುವ ನಳಿಗೆಯಾದ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಸಹಜ. ಉಗುರಿಗೆ ಸಿಗುವಂಥ ಚೂರು ಇದ್ದರೆ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಮುಖ್ಯ ಗೇರು ಜೋಡಿ) ಅಥವಾ ಬೇರಿಂಗ್ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಪ್ರಶ್ನೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹಳೇ ಪಿಕಪ್ ತೆಗೆದುಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಕಲ್ಲಿನ ಏರಿನಲ್ಲಿ ಕ್ಲಚ್ ಸುಡುವ ಭಯವಿಲ್ಲದೆ ನಿಧಾನ ತೆವಳಲು ಆಟೋಮ್ಯಾಟಿಕ್ ಒಳ್ಳೆಯದು. ಅದಕ್ಕೆ ಶತ್ರು ಬಿಸಿ. ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಬೇಡ. ರೇಡಿಯೇಟರ್ ಒಳಗೇ ಗೇರ್‌ಬಾಕ್ಸ್ ಕೂಲರ್ ಇರುವ ಮಾದರಿಗಳಲ್ಲಿ ಇನ್ನೊಂದು ತೊಂದರೆ ಇದೆ. 2005ರಿಂದ 2010ರವರೆಗಿನ ನಿಸ್ಸಾನ್ ಫ್ರಂಟಿಯರ್ ಇದಕ್ಕೆ ಹೆಸರಾಗಿದೆ: ಕೂಲರ್ ಒಳಗೇ ಬಿರುಕು ಬಿಟ್ಟು ಕೂಲಂಟ್ ಮತ್ತು ಗೇರ್ ಆಯಿಲ್ ಬೆರೆತು, ತಿಳಿ ಗುಲಾಬಿ ಬಣ್ಣದ ಲೋಳೆ ಗೇರ್‌ಬಾಕ್ಸನ್ನು ತಿಂದುಹಾಕುತ್ತದೆ. ಅಂಥ ಗಾಡಿಯಲ್ಲಿ ರೇಡಿಯೇಟರ್ ಬದಲಾಗಿದೆಯೇ ಎಂದು ದಾಖಲೆ ಕೇಳಿ. ಇಲ್ಲದಿದ್ದರೆ ಕೊಂಡ ತಕ್ಷಣ ಬದಲಾಯಿಸಿ, ಅಥವಾ ಹಳೇ ಕೂಲರನ್ನು ಬೈಪಾಸ್ ಮಾಡಿ ಹೊರಗೆ ಬೇರೆ ಕೂಲರ್ ಹಾಕಿಸಿ.

ಪ್ರಶ್ನೆ: 35 ಇಂಚಿನ ಟಯರ್ ಹಾಕುವ ಆಸೆ. ಎಂಜಿನ್ ಎಷ್ಟು ದೊಡ್ಡದಿರಬೇಕು?

ಉತ್ತರ: ಎಂಜಿನ್‌ಗಿಂತ ಮೊದಲು ಗೇರಿಂಗ್ ಲೆಕ್ಕ ಹಾಕಿ. ಕಂಪನಿಯಿಂದ ಬರುವ 265/65 ಆರ್17 ಟಯರಿನ ವ್ಯಾಸ ಸುಮಾರು 776 ಮಿ.ಮೀ., 35 ಇಂಚೆಂದರೆ 889 ಮಿ.ಮೀ. ಅಂದರೆ ಶೇ. 14.5 ಹೆಚ್ಚು. ಆ್ಯಕ್ಸಲ್ ಅನುಪಾತ (ಗಾಲಿ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತುಗಳು) 4.1 ಇದ್ದದ್ದು 3.58ರಂತೆ ನಡೆದುಕೊಳ್ಳುತ್ತದೆ. ಮೊದಲ ಗೇರ್ 4.0, ಲೋ ರೇಂಜ್ 2.5, ಆ್ಯಕ್ಸಲ್ 4.1 ಇದ್ದರೆ ಮೂರನ್ನೂ ಗುಣಿಸಿ 41 ಬರುತ್ತದೆ, ಅಂದರೆ ಎಂಜಿನ್ 41 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ದೊಡ್ಡ ಟಯರ್ ಹಾಕಿದಾಗ ಅದು 36ರ ಹತ್ತಿರಕ್ಕೆ ಇಳಿಯುತ್ತದೆ. ಕಲ್ಲಿನ ಇಳಿಜಾರಿನಲ್ಲಿ ಗಾಡಿ ಬೇಕಾದ್ದಕ್ಕಿಂತ ಬೇಗ ಓಡುವುದು ಇದರಿಂದಲೇ. ಮೂಲ ಸ್ಥಿತಿಗೆ ತರಲು 4.7ರ ಆಸುಪಾಸಿನ ಕ್ರೌನ್-ಪಿನಿಯನ್ ಬೇಕು, ಅದೂ ಮುಂದಿನ ಮತ್ತು ಹಿಂದಿನ ಎರಡೂ ಆ್ಯಕ್ಸಲ್‌ಗೆ ಒಂದೇ ಅನುಪಾತ. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ಇದರ ಮೇಲೆ ಸ್ಟಿಯರಿಂಗ್ ಭಾಗ, ಬಾಲ್ ಜಾಯಿಂಟ್, ಬ್ರೇಕ್ ಎಲ್ಲದಕ್ಕೂ ಹೆಚ್ಚು ಹೊರೆ ಬೀಳುತ್ತದೆ.

ನಮ್ಮ ಸಲಹೆ 285/70 ಆರ್17, ಸುಮಾರು 831 ಮಿ.ಮೀ. ಏರಿಕೆ ಶೇ. 7 ಮಾತ್ರ, ಹೆಚ್ಚಿನ ಗಾಡಿಗಳು ಗೇರ್ ಬದಲಿಸದೆ ತಡೆದುಕೊಳ್ಳುತ್ತವೆ. ಡಿಫರೆನ್ಷಿಯಲ್ ಕೆಳಗೆ 27 ಮಿ.ಮೀ. ಹೆಚ್ಚು ಎತ್ತರ ಸಿಗುತ್ತದೆ. ಸ್ಪೀಡೋಮೀಟರ್ ಮೊದಲು ಸರಿಯಾಗಿದ್ದರೆ, ಅದು 100 ತೋರಿಸುವಾಗ ಗಾಡಿ 107ರಲ್ಲಿ ಇರುತ್ತದೆ, ನೆನಪಿರಲಿ. ಐದು ಟಯರ್ ಕೊಳ್ಳಿ. ಸ್ಪೇರ್ ಬೇರೆ ಅಳತೆಯದಾದರೆ ಫೋರ್ ವೀಲ್‌ನಲ್ಲಿ ಉಪಯೋಗಕ್ಕೆ ಬಾರದು.

ಪ್ರಶ್ನೆ: ಮುಂದೆ ಸಾಲಿಡ್ ಆ್ಯಕ್ಸಲ್ (ಎರಡೂ ಗಾಲಿಗೆ ಒಂದೇ ಗಟ್ಟಿ ಅಡ್ಡದಂಡ) ಇರುವುದನ್ನೇ ಹುಡುಕಬೇಕೇ?

ಉತ್ತರ: ಹೆಚ್ಚಾಗಿ ಬಂಡೆ ಹತ್ತುವುದೇ ಉದ್ದೇಶವಾದರೆ ಹುಡುಕಿ. ಮಣ್ಣು, ಮರಳು, ಕಾಡುದಾರಿ, ನಡುನಡುವೆ ಹೆದ್ದಾರಿ ಎಂದಾದರೆ ಪ್ರತಿ ಗಾಲಿಯೂ ತನ್ನಷ್ಟಕ್ಕೆ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಸಾಕು. ಷರತ್ತು ಒಂದೇ: ಲಿಫ್ಟ್, ಅಂದರೆ ಸಸ್ಪೆನ್ಷನ್ ಎತ್ತರಿಸುವುದು, 50 ಮಿ.ಮೀ. ದಾಟಬಾರದು. ದಾಟಿದರೆ ಗಾಲಿಗೆ ಶಕ್ತಿ ಒಯ್ಯುವ ಮಡಚುವ ಕೀಲಾದ ಸಿವಿ ಜಾಯಿಂಟ್ ಕೋನ ಕಡಿದಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಜಾಯಿಂಟೇ ಒಡೆಯುತ್ತದೆ.

ಪ್ರಶ್ನೆ: ಈಗಾಗಲೇ ಲಿಫ್ಟ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ಬಂಪರ್ ಎಲ್ಲ ಹಾಕಿದ ಗಾಡಿ ಅಗ್ಗಕ್ಕೆ ಸಿಗುತ್ತಿದೆ. ಲಾಭವಲ್ಲವೇ?

ಉತ್ತರ: ಕೆಲವೊಮ್ಮೆ ಲಾಭವೇ. ಕೆಲಸ ಯಾರು ಮಾಡಿದರು, ಯಾವ ಕಿಟ್ ಎಂದು ಮಾಲೀಕರು ಬಿಲ್ ಸಹಿತ ತೋರಿಸಿದರೆ ಪರಿಗಣಿಸಿ. ಹಿಂದಿನ ಸ್ಪ್ರಿಂಗ್ ಮತ್ತು ಆ್ಯಕ್ಸಲ್ ನಡುವೆ ಬ್ಲಾಕ್ ಮೇಲೆ ಬ್ಲಾಕ್ ಪೇರಿಸಿದ್ದರೆ ಬೇಡ. ಆಕ್ಸಿಲರೇಟರ್ ಒತ್ತಿದಾಗ ಆ್ಯಕ್ಸಲ್ ತಿರುಚಿಕೊಂಡು ಬ್ಲಾಕ್ ಜಾರಿ ಹೊರಬರಬಹುದು. ಬಾನೆಟ್ ಎತ್ತಿ ವೈರಿಂಗ್ ನೋಡಿ: ಬ್ಯಾಟರಿಯಿಂದ ಫ್ಯೂಸ್ ಇಲ್ಲದೆ ಹೊರಟ ತಂತಿ, ಬರಿ ಟೇಪ್ ಸುತ್ತಿದ ಜೋಡಣೆ ಬೆಂಕಿಗೆ ದಾರಿ. ವಿಂಚ್ ಬ್ರಾಕೆಟನ್ನು ಚಾಸಿಗೆ ಬೋಲ್ಟ್ ಹಾಕದೆ ಮನಬಂದಂತೆ ವೆಲ್ಡ್ ಮಾಡಿದ್ದರೆ ಅದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಡುಕಿ. ಚಾಸಿಯಲ್ಲಿ ಬಿರುಕು ಬಿಟ್ಟಿದ್ದರೆ ಬಂಪರ್ ಎಷ್ಟು ಚಂದವಿದ್ದರೂ ಬಿಡಿ.

ಪ್ರಶ್ನೆ: ಡೀಸೆಲ್ ಎಂಜಿನ್ ಬಿಚ್ಚದೆ ಅಂದಾಜು ಮಾಡುವುದು ಹೇಗೆ?

ಉತ್ತರ: ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ಹೋದಾಗ ಬ್ಲಾಕ್ ಮುಟ್ಟಿ ನೋಡಿ. ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ಬಿಚ್ಚಿ ಅದೇ ಬಾಯಿಯ ಮೇಲೆ ಸಡಿಲವಾಗಿ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು, ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

ಪ್ರಶ್ನೆ: ಗಾಡಿ ಬಂದಾಯಿತು. ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಉತ್ತರ: ಐದು ಆಯಿಲ್: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್. ಜೊತೆಗೆ ಫಿಲ್ಟರ್, ಬೆಲ್ಟ್, ಹೋಸ್, ಬ್ರೇಕ್, ವೀಲ್ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಆಮೇಲೆ ಸಿಕ್ಕಿಬಿದ್ದಾಗ ಎಳೆಯಲು ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಹುಕ್, ಮುಂದೊಂದು ಹಿಂದೊಂದು. ಟ್ರೇಲರ್ ಕಟ್ಟುವ ಬಾಲ್‌ಗೆ ಪಟ್ಟಿ ಕಟ್ಟಿ ಎಳೆಯಬೇಡಿ, ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ನಂತರ ಟಯರ್ ಮತ್ತು ಗಾಳಿ ತುಂಬುವ ಕಂಪ್ರೆಸರ್. ಪಿಕಪ್‌ನ ಹಿಂಭಾಗ ಖಾಲಿ ಇದ್ದಾಗ ಹಗುರ, ಲೀಫ್ ಸ್ಪ್ರಿಂಗ್ ಬಿಗಿ, ಹಿಂದಿನ ಗಾಲಿ ಬೇಗ ಗಾಳಿಯಲ್ಲಿ ಎದ್ದು ಸುತ್ತತೊಡಗುತ್ತದೆ. ಅದಕ್ಕೆ ಮುಂದಿನ ಹಣ ಹಿಂದಿನ ಲಾಕರ್‌ಗೆ, ಅಂದರೆ ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ಡಿಫರೆನ್ಷಿಯಲ್ ಬಿಗಿಯುವ ಸಾಧನಕ್ಕೆ. ವೀಲ್‌ಬೇಸ್ ಉದ್ದವಾದ್ದರಿಂದ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುತ್ತದೆ, ಹಾಗಾಗಿ ಬಾಗಿಲ ಕೆಳಗೆ ಸ್ಲೈಡರ್, ಅಂದರೆ ಕಲ್ಲಿನ ಪೆಟ್ಟು ತಡೆಯುವ ಗಟ್ಟಿ ಲೋಹದ ಕೊಳವೆ. ಲಿಫ್ಟ್ ಇದೆಲ್ಲದರ ನಂತರ. ಬಂಪರ್, ವಿಂಚ್, ರ್‍ಯಾಕ್ ಸೇರಿ ಎಷ್ಟು ಭಾರ ಏರಿತೆಂದು ತೂಕದ ಸೇತುವೆಯಲ್ಲಿ ನೋಡಿಕೊಂಡೇ ಸ್ಪ್ರಿಂಗ್ ಆರಿಸಿ.